ಆದೇಶ ಸಿಕ್ಕಿದೆ, ಠಾಣೆಗೆ ತಲುಪಿಲ್ಲ

ಪ್ರಶ್ನೆ: ನನ್ನ ತಂಗಿಗೆ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಮಧ್ಯಂತರ ರಕ್ಷಣಾ ಆದೇಶ ಸಿಕ್ಕಿ ಮೂರು ವಾರವಾಯಿತು. ಈಗ ತವರಿನಲ್ಲಿದ್ದಾಳೆ. ಗಂಡನಿಗೆ ಕಳಿಸಿದ ನೋಟಿಸು ‘ಮನೆಗೆ ಬೀಗ’ ಎಂಬ ಷರಾದೊಂದಿಗೆ ವಾಪಸಾಗಿದೆ. ಅವನು ಮಾತ್ರ ರಾತ್ರಿ ಬಂದು ಬಾಗಿಲು ಬಡಿಯುತ್ತಾನೆ. ಠಾಣೆಯಲ್ಲಿ ‘ನಮಗೆ ಆದೇಶದ ಪ್ರತಿಯೇ ಬಂದಿಲ್ಲ’ ಎನ್ನುತ್ತಾರೆ. ಏನು ಮಾಡಬೇಕು?

ಉತ್ತರ: ವಿಚಾರಣೆಗೆ ಕರೆಯುವ ನೋಟಿಸು ಬೇರೆ, ಆದೇಶದ ಪ್ರತಿ ಬೇರೆ. ನೋಟಿಸು ಜಾರಿಯಾಗಿಲ್ಲವೆಂದು ಠಾಣೆಗೆ ಪ್ರತಿ ಕೊಡುವುದನ್ನು ತಡೆಹಿಡಿಯಬೇಕಿಲ್ಲ.

2005ರ ಕಾಯ್ದೆಯ 24ನೇ ಕಲಂ ಪ್ರಕಾರ ಇಬ್ಬರು ಪಕ್ಷಗಾರರಿಗೂ ಆ ಸರಹದ್ದಿನ ಠಾಣಾಧಿಕಾರಿಗೂ ನ್ಯಾಯಾಲಯವೇ ಉಚಿತವಾಗಿ ಪ್ರತಿ ಕೊಡಬೇಕು. ಟಪಾಲನ್ನು ನಂಬಿ ಕೂರಬೇಡಿ. ತಂಗಿ ದೃಢೀಕೃತ ಪ್ರತಿ ಪಡೆದು ತಾನೇ ಠಾಣೆಗೆ ಸಲ್ಲಿಸಿ, ತನ್ನ ಬಳಿ ಉಳಿಯುವ ಜೆರಾಕ್ಸ್ ಮೇಲೆ ಮೊಹರು, ತಾರೀಖು, ಸಹಿ ಹಾಕಿಸಿಕೊಳ್ಳಲಿ. ಆ ಮೊಹರು ಬೀಳುವವರೆಗೆ ಅಲ್ಲಿಂದ ಏಳಬಾರದು. ಗಂಡನ ಮನೆ ಕಡೆಯ ಠಾಣೆಗೆ ಹೋದ ಪ್ರತಿ ತವರಿನ ಬಾಗಿಲಿಗೆ ಉಪಯೋಗಕ್ಕೆ ಬಾರದು. ಎರಡೂ ಠಾಣೆಗೆ ಕೊಡಿ. ಇನ್ನೊಂದು ಜಿಲ್ಲೆಯ ನ್ಯಾಯಾಲಯದ್ದು ಎಂಬ ನೆಪ ನಡೆಯುವುದಿಲ್ಲ, ಆದೇಶ ದೇಶದ ಎಲ್ಲೆಡೆ ಜಾರಿಯಾಗುವಂಥದ್ದು.

ಇನ್ನು ನೋಟಿಸು. 13ನೇ ಕಲಂ ಇದನ್ನು ವಹಿಸಿರುವುದು ಸಂರಕ್ಷಣಾಧಿಕಾರಿಗೆ, ಕೊಟ್ಟಿರುವ ಗಡುವು ಎರಡು ದಿನ (ಮ್ಯಾಜಿಸ್ಟ್ರೇಟರು ವಿಸ್ತರಿಸಬಹುದು). ನಮ್ಮ ತಾಲ್ಲೂಕುಗಳಲ್ಲಿ ಈ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯದು. ಅಂಗನವಾಡಿಗಳ ಉಸ್ತುವಾರಿಯ ನಡುವೆ ಇದೂ ಒಂದು ಕೆಲಸ, ಹಾಗಾಗಿ ಖುದ್ದು ಹೋಗಿ ವಿಚಾರಿಸುತ್ತಿರಬೇಕು. ‘ಬೀಗ’ ಎಂಬ ಷರಾಕ್ಕೆ ಪ್ರಕರಣ ನಿಲ್ಲಬೇಕಾಗಿಲ್ಲ. 2006ರ ನಿಯಮಾವಳಿಯ 12ನೇ ನಿಯಮದಂತೆ ಅವನು ಕೆಲಸ ಮಾಡುವ ಕಡೆಗೂ ನೋಟಿಸು ಒಯ್ಯಬಹುದು. ಆ ಹೊತ್ತಿಗೆ ಅಲ್ಲಿನ ಉಸ್ತುವಾರಿಯಲ್ಲಿರುವವರ ಕೈಗೆ ಕೊಡಬಹುದು. ಅದೂ ಆಗದಿದ್ದರೆ ಎದ್ದು ಕಾಣುವಂತೆ ಅಂಟಿಸಬಹುದು. ಆದ್ದರಿಂದ ಮುಂದಿನ ವಾಯಿದೆಗೆ ಕಾಯದೆ ನ್ಯಾಯಾಲಯಕ್ಕೆ ಒಂದು ಮೆಮೊ (ಕಿರು ಮನವಿ) ಹಾಕಿಸಿ: ಕೆಲಸದ ವಿಳಾಸ, ಪಾಳಿಯ ವೇಳೆ, ಮೊಬೈಲ್ ಸಂಖ್ಯೆ, ಮನೆ ಹತ್ತಿರದ ಗುರುತು. ನೋಟಿಸಿನ ಜೊತೆಗೇ ಆದೇಶದ ಪ್ರತಿಯೂ ಹೋಗಲಿ, ಅನುಷ್ಠಾನಕ್ಕೆ ನೆರವಾಗುವಂತೆ ಠಾಣೆಗೆ ನಿರ್ದೇಶನವಾಗಲಿ ಎಂದೂ ಅದರಲ್ಲೇ ಕೋರಿ. ತಂಗಿ ತಾನೇ ಕಾಗದ ಹಿಡಿದು ಅವನೆದುರು ಹೋಗುವುದು ಖಂಡಿತ ಬೇಡ.

ಇಷ್ಟೆಲ್ಲ ಪಾಡು ಏಕೆಂದರೆ, ‘ಆದೇಶ ಇರುವುದೇ ನನಗೆ ಗೊತ್ತಿರಲಿಲ್ಲ’ ಎಂಬುದು ಅವನು ಎತ್ತುವ ಮೊದಲ ತಕರಾರು. ಜಾರಿಯ ವರದಿ ಕಡತ ಸೇರಿದರೆ ಅದು ನಿಲ್ಲುವುದಿಲ್ಲ. ಆಮೇಲೂ ಬಾಗಿಲು ಬಡಿದರೆ 31ನೇ ಕಲಂ ಅಡಿ ಒಂದು ವರ್ಷದವರೆಗೆ ಸೆರೆ, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಪರಾಧ ಸಂಜ್ಞೇಯ (ಅಂದರೆ ವಾರಂಟ್ ಇಲ್ಲದೆಯೇ ಪೊಲೀಸರು ಬಂಧಿಸಬಹುದು), ಜಾಮೀನುರಹಿತ. 112ಕ್ಕೆ ಕರೆ ಮಾಡಿ ಆದೇಶದ ತಾರೀಖು, ಪ್ರಕರಣದ ಸಂಖ್ಯೆ ಹೇಳಲಿ.

ಎರಡನೆಯ ತಕರಾರು, ‘ಅವಳೇ ಕರೆದಳು’. ಮನೆ ಪ್ರವೇಶಕ್ಕೆ ತಡೆ ಇರುವಾಗ ಆಕೆ ಕರೆದಿದ್ದರೂ ಆ ತಡೆ ಸಡಿಲವಾಗದು. ನ್ಯಾಯಾಲಯವೇ ಆದೇಶ ತಿದ್ದಬೇಕೆಂದು ಅದೇ 12ನೇ ನಿಯಮ ಹೇಳುತ್ತದೆ. ಠಾಣೆಗಳಲ್ಲಿ ಇದು ಗೊತ್ತಿರುವುದು ಅಪರೂಪ, ನಿಯಮದ ಪ್ರತಿಯೂ ಕೈಯಲ್ಲಿರಲಿ.

ಮೆಮೊ ಹಾಕಲು ವಕೀಲರಿಲ್ಲದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಉಚಿತ ಕಾನೂನು ನೆರವು ಪಡೆಯಲು ಮಹಿಳೆಯರಿಗೆ ಆದಾಯದ ಮಿತಿ ಇಲ್ಲ.