ಯೂರಿಯಾ ಅಗ್ಗ, ಬದಲಾಗೋದು ದುಬಾರಿ

ಕಾರಟಗಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಆರು ಎಕರೆ ಗದ್ದೆ ಲೀಜಿಗೆ ಹಾಕ್ಕೊಂಡು ಭತ್ತ ಬೆಳೀತೀನ್ರಿ. ಸಾವಯವ ಮಾಡ್ರಿ, ಗೊಬ್ಬರ ಕಡಿಮಿ ಹಾಕ್ರಿ ಅಂತ ಸಭೆದಾಗ ಹೇಳ್ತಾರ. ಅದೇ ಸರ್ಕಾರ ಯೂರಿಯಾ ಅಗ್ಗದಾಗ ಕೊಡ್ತೈತಿ. ಯಾವ ಮಾತು ನಂಬಬೇಕ್ರಿ? ಪರಿಸರ ಉಳಿಸೋ ಭಾರ ನಮ್ಮ ಮ್ಯಾಲಷ್ಟ ಯಾಕ?"

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ನ್ಯಾಯವಾದದ್ದು. ನೇರವಾಗಿ ಲೆಕ್ಕಕ್ಕೇ ಬರೋಣ.

45 ಕೆಜಿ ಯೂರಿಯಾ ಚೀಲದ ಬೆಲೆ 242 ರೂಪಾಯಿ. ಬೇವಿನ ಲೇಪನದ ಖರ್ಚು, ತೆರಿಗೆ ಮಾತ್ರ ಬೇರೆ. 2010ರಲ್ಲಿ ಉಳಿದ ಗೊಬ್ಬರಗಳ ಸಹಾಯಧನವನ್ನು ಪೋಷಕಾಂಶದ ಲೆಕ್ಕಕ್ಕೆ ತಂದರು, ಯೂರಿಯಾವನ್ನು ಹೊರಗಿಟ್ಟರು. ಆಮೇಲೆ ಡಿಎಪಿ, ಪೊಟ್ಯಾಷ್ ಬೆಲೆ ಏರಿತು, ಯೂರಿಯಾ ಅಗ್ಗವಾಗಿಯೇ ಉಳಿಯಿತು. ಕೈಗೆಟುಕುವುದನ್ನೇ ರೈತ ಜಾಸ್ತಿ ಹಾಕುತ್ತಾನೆ. ಇದರಲ್ಲಿ ಅವನ ತಪ್ಪೇನು ಬಂತು?

ಸಾವಯವದ ಕಡೆ ನೋಡಿ. ಪರಂಪರಾಗತ ಕೃಷಿ ವಿಕಾಸ ಯೋಜನೆ 2015ರಿಂದ ಇದೆ. ಅದರಲ್ಲಿ ಗೊಬ್ಬರ, ಔಷಧಿಯ ಖರ್ಚಿಗೆಂದು ರೈತನ ಖಾತೆಗೆ ಬರುವುದು ಹೆಕ್ಟೇರಿಗೆ 15,000 ರೂಪಾಯಿ, ಅದೂ 3 ವರ್ಷಕ್ಕೆ. ಅಂದರೆ ಎಕರೆಗೆ ವರ್ಷಕ್ಕೆ ಸುಮಾರು 2,000. ಗೊಬ್ಬರ ನಿಲ್ಲಿಸಿದ ಮೊದಲ ಹಂಗಾಮಿನಲ್ಲೇ ಎಕರೆಗೆ ಎರಡು ಚೀಲ ಭತ್ತ ಕಡಿಮೆ ಬಂದರೆ ಆ ಹಣ ಮುಗಿಯಿತು. 2024ರ ನವೆಂಬರ್‌ನಲ್ಲಿ 2,481 ಕೋಟಿಯ ನೈಸರ್ಗಿಕ ಕೃಷಿ ಮಿಷನ್‌ಗೂ ಕೇಂದ್ರ ಒಪ್ಪಿಗೆ ಕೊಟ್ಟಿದೆ. ಒಳ್ಳೆಯದೇ. ಆದರೆ ಬದಲಾಗುವ ವರ್ಷಗಳ ನಷ್ಟ ಯಾರ ತಲೆಗೆ ಎಂಬ ಪ್ರಶ್ನೆಗೆ ಗಟ್ಟಿ ಉತ್ತರ ಸಿಗುವ ತನಕ ರೈತರು ಹಿಂಜರಿಯುವುದು ಸಹಜ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು 'ಲೀಜು' ಎಂಬ ಮಾತು. ಕರ್ನಾಟಕದಲ್ಲಿ 1974ರ ಭೂಸುಧಾರಣೆ ತಿದ್ದುಪಡಿಯಿಂದ, ಕೆಲವು ವಿನಾಯಿತಿ ಬಿಟ್ಟರೆ, ಜಮೀನು ಗೇಣಿಗೆ ಕೊಡುವಂತಿಲ್ಲ. ಉಳುವವನಿಗೇ ಭೂಮಿ ಸಿಗಲಿ ಎಂದು ಬಂದ ದೊಡ್ಡ ಕಾಯ್ದೆ ಅದು. ಆದರೂ ಗಂಗಾವತಿ, ಸಿಂಧನೂರು ಕಡೆ ಲೀಜು ನಡೆದೇ ಇದೆ, ಬಾಯಿಮಾತಿನ ಮೇಲೆ. ಸರ್ಕಾರದ ನೆರವು ಮಾತ್ರ ಬಹುಪಾಲು ಪಹಣಿ ಮತ್ತು ಫ್ರೂಟ್ಸ್ (ರೈತರ ವಿವರ ಇಡುವ ಸರ್ಕಾರಿ ತಂತ್ರಾಂಶ) ನೋಂದಣಿ ನೋಡಿ ಬರುತ್ತದೆ. ಬೆವರು ನಿಮ್ಮದು, ಖಾತೆ ಇನ್ನೊಬ್ಬರದು. ಮುಂದಿನ ವರ್ಷ ಇದೇ ಗದ್ದೆ ನಿಮ್ಮ ಕೈಯಲ್ಲಿ ಇರುತ್ತದೋ ಇಲ್ಲವೋ ಗೊತ್ತಿಲ್ಲದಾಗ, ನಿಧಾನಕ್ಕೆ ನೆಲ ಸುಧಾರಿಸುವ ಹಸಿರೆಲೆ ಗೊಬ್ಬರಕ್ಕೆ ನೀವು ಯಾಕೆ ದುಡ್ಡು ಹಾಕಬೇಕು? ಪರಿಸರಸ್ನೇಹಿ ಕೃಷಿಗೆ ಎಂದು ಕೊಡುವ ಹಣ ಸಾಗುವಳಿ ಮಾಡುವವರ ಕೈ ಸೇರಬೇಕು. ನಮ್ಮ ಪತ್ರಿಕೆಯ ಒತ್ತಾಯ ಇದು, ಸುಮ್ನೆ ಹೇಳುತ್ತಿಲ್ಲ.

ಇನ್ನೊಂದು ಮಾತು. ನಮ್ಮ ಭಾಗದಲ್ಲಿ ಗೊಬ್ಬರಕ್ಕಿಂತ ದೊಡ್ಡ ಚಿಂತೆ ನೀರಿನದು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಕಟ್ಟಿ ಮುಗಿಸಿದಾಗ ಎಡದಂಡೆಯ ಹೆಚ್ಚಿನ ನೆಲಕ್ಕೆ ಅಂದುಕೊಂಡಿದ್ದು ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆ. ಬೆಳೆದದ್ದು ಭತ್ತ. ಆಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಕಾಲುವೆಯ ಮೇಲ್ಭಾಗದಲ್ಲಿ ನೀರು ನಿಂತು ನೆಲ ಜವಳಾದರೆ, ಕೊನೆ ಭಾಗದವರು ನೀರಿಗಾಗಿ ರಸ್ತೆಗೆ ಇಳಿಯುತ್ತಾರೆ. ಬೇಸಿಗೆಯಲ್ಲಿ ತಗ್ಗಿನ ಗದ್ದೆಗೆ ಇಳಿದು ನೋಡಿ. ಬದುವಿನ ಬುಡದಲ್ಲಿ ಬಿಳಿ ಉಪ್ಪು ಹೊಮ್ಮಿರುತ್ತದೆ, ಕಾಲಿಟ್ಟರೆ ಪುಡಿಪುಡಿಯಾಗುತ್ತದೆ. ಅಂಥ ಕಡೆ ನಾಟಿ ಮಾಡಿದರೆ ಸಸಿಯ ತುದಿ ಮೊದಲು ಒಣಗುತ್ತದೆ, ಆಮೇಲೆ ಗದ್ದೆ ಅಲ್ಲಲ್ಲಿ ಬೋಳಾಗುತ್ತದೆ. ಈ ಸವಳಿಗೆ ಯಾವ ಯೂರಿಯಾವೂ ಮದ್ದಲ್ಲ. ಬಸಿಗಾಲುವೆ ಬೇಕು, ನೀರು ಕಡಿಮೆ ಆಗಬೇಕು.

ಕೂರಿಗೆಯಲ್ಲಿ ಭತ್ತ ಬಿತ್ತುವುದು ಇದಕ್ಕೆ ಒಂದು ದಾರಿ. ಕೆಸರು ಮಾಡುವ ನೀರೂ ಉಳಿಯುತ್ತದೆ, ನಾಟಿಯ ಕೂಲಿಯೂ ಉಳಿಯುತ್ತದೆ. ಆದರೆ ಕಳೆ ಜಾಸ್ತಿ. ಮೊದಲ ತಿಂಗಳು ಕಳೆ ಕೈಮೀರಿತೋ, ಉಳಿಸಿದ್ದೆಲ್ಲ ಕಳೆನಾಶಕಕ್ಕೇ ಹೋಗುತ್ತದೆ. ನೀರು ಉಳಿಸಿದ ರೈತನಿಗೆ ಆ ಒಂದು ತಿಂಗಳ ಖರ್ಚು ಕೊಡುವ ಯೋಜನೆ ಬಂದರೆ ಎಷ್ಟೋ ಜನ ಮುಂದೆ ಬರುತ್ತಾರೆ.

ಸರ್ಕಾರದ ಬೆಲೆ ನೀತಿ ಸರಿದಾರಿಗೆ ಎಳೆಯಬಲ್ಲದು ಎಂಬುದಕ್ಕೆ ಜೋಳವೇ ಸಾಕ್ಷಿ. 2025-26ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,369 ರೂಪಾಯಿ, ಹೈಬ್ರಿಡ್ ಜೋಳಕ್ಕೆ 3,699. ಜೋಳದ ಇಳುವರಿ ಕಡಿಮೆ, ನಿಜ. ಆದರೆ ಖರೀದಿ ಕೇಂದ್ರ ವೇಳೆಗೆ ಸರಿಯಾಗಿ ತೆರೆದು, ಹಣ ಬೇಗ ಬಂದರೆ, ಎರಡನೇ ಬೆಳೆಗೆ ಜೋಳ ಹಾಕಲು ಯಾರೂ ಭಾಷಣ ಮಾಡಬೇಕಾಗಿಲ್ಲ, ಅಲ್ವಾ?

ಯಾವ ಮಾತು ನಂಬಬೇಕು ಅಂತ ಕೇಳಿದ್ದೀರಿ. ಖಾತೆಗೆ ಬಂದ ಹಣ, ತೆರೆದಿರುವ ಖರೀದಿ ಕೇಂದ್ರ, ಇವೆರಡನ್ನು ನಂಬಿ. ಅಷ್ಟು ಆಗುವ ತನಕ ಆರೂ ಎಕರೆ ಪಣಕ್ಕೆ ಇಡಬೇಡಿ. ಬಿತ್ತನೆಗೆ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ. ಮಣ್ಣು ಆರೋಗ್ಯ ಕಾರ್ಡಿನಲ್ಲಿ ರಸಸಾರ (ಮಣ್ಣು ಎಷ್ಟು ಹುಳಿ, ಎಷ್ಟು ಕ್ಷಾರ ಎಂಬ ಅಳತೆ), ಲವಣಾಂಶ ಎರಡೂ ಇರುತ್ತವೆ. ಲವಣಾಂಶ ಜಾಸ್ತಿ ಬಂದರೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರಕ್ಕೆ ಕಾರ್ಡ್ ಹಿಡಿದುಕೊಂಡು ಹೋಗಿ, ಸವಳು ನೆಲದ ಬಗ್ಗೆ ಅಲ್ಲಿ ಬಹಳ ಕೆಲಸ ನಡೆದಿದೆ. ಕಡಿಮೆ ಇದ್ದರೆ ಒಂದೇ ಎಕರೆ ಕೂರಿಗೆ ಬಿತ್ತನೆ ಮಾಡಿ, ಖರ್ಚು-ಇಳುವರಿ ಬರೆದಿಡಿ. ಸುಗ್ಗಿ ಮುಗಿದ ಮೇಲೆ ಆ ಲೆಕ್ಕ ನಮಗೆ ಕಳಿಸಿ, ಅಚ್ಚು ಹಾಕುತ್ತೇವೆ.