ಟಿವಿ ಕೊಳ್ಳುವ ಮುನ್ನ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: 55 ಇಂಚಿನ ಟಿವಿ ಕೊಳ್ಳಬೇಕೆಂದಿದ್ದೇವೆ. ಸೋನಿ, ಸ್ಯಾಮ್‌ಸಂಗ್, ಎಲ್‌ಜಿ, ಟಿಸಿಎಲ್, ಹೈಸೆನ್ಸ್‌ಗಳಲ್ಲಿ ಹೆಚ್ಚು ಬಾಳಿಕೆ ಬರುವುದು ಯಾವುದು?

ಉತ್ತರ: ಬ್ರ್ಯಾಂಡಿನ ಹೆಸರೊಂದನ್ನೇ ಹಿಡಿದು ಇದನ್ನು ತೀರ್ಮಾನಿಸಲಾಗದು. ಒಂದೇ ಬ್ರ್ಯಾಂಡಿನ ಅಗ್ಗದ ಮಾದರಿಗೂ ದುಬಾರಿ ಮಾದರಿಗೂ ಇರುವ ವ್ಯತ್ಯಾಸ, ಸಮಬೆಲೆಯ ಎರಡು ಬ್ರ್ಯಾಂಡುಗಳ ನಡುವಿನದಕ್ಕಿಂತ ಹೆಚ್ಚು. ಆದ್ದರಿಂದ ಪೂರ್ಣ ಮಾದರಿ ಸಂಖ್ಯೆ ಬರೆದುಕೊಂಡು ಮಾದರಿಗೆ ಮಾದರಿಯನ್ನು ಹೋಲಿಸಿ. ಹಲವು ಮಾದರಿಗಳಲ್ಲಿ ಆ ಸಂಖ್ಯೆಯಲ್ಲೇ ವರ್ಷವೂ ಅಡಗಿರುತ್ತದೆ: ಎಲ್‌ಜಿಯ ಸಿ2 2022ರದು, ಸಿ3 2023ರದು, ಸೋನಿಯ ಎಕ್ಸ್90ಕೆ 2022ರದು, ಎಕ್ಸ್90ಎಲ್ 2023ರದು.

ಟಿವಿಯ ಬೆಲೆಯಲ್ಲಿ ದೊಡ್ಡ ಪಾಲು ಪ್ಯಾನೆಲ್‌ನದು, ಅಂದರೆ ಚಿತ್ರ ಮೂಡಿಸುವ ಪರದೆಯದು. ಸೋನಿ ಟಿವಿ ಪ್ಯಾನೆಲ್ ತಯಾರಿಸುವುದಿಲ್ಲ. ಅದರ ಒಎಲ್‌ಇಡಿ (ಪರದೆಯ ಪ್ರತಿ ಚುಕ್ಕಿ, ಅಂದರೆ ಪಿಕ್ಸೆಲ್, ತಾನೇ ಬೆಳಗುವ) ಟಿವಿಗಳಿಗೆ ಎಲ್‌ಜಿ ಡಿಸ್‌ಪ್ಲೇ, ಸ್ಯಾಮ್‌ಸಂಗ್ ಡಿಸ್‌ಪ್ಲೇ ಎರಡೂ ಪ್ಯಾನೆಲ್ ಒದಗಿಸಿವೆ. ಸ್ಯಾಮ್‌ಸಂಗ್ ಡಿಸ್‌ಪ್ಲೇ 2022ರಲ್ಲಿ ಎಲ್‌ಸಿಡಿ (ಬೇರೆ ದೀಪದ ಬೆಳಕಿನಿಂದ ಚಿತ್ರ ತೋರಿಸುವ) ಪ್ಯಾನೆಲ್ ತಯಾರಿಕೆಯನ್ನೇ ನಿಲ್ಲಿಸಿತು. ಈಗಿನ ಎಲ್‌ಸಿಡಿ ಪ್ಯಾನೆಲ್‌ಗಳಲ್ಲಿ ಹೆಚ್ಚಿನವು ಬಿಒಇ, ಟಿಸಿಎಲ್ ಗುಂಪಿನ ಸಿಎಸ್‌ಒಟಿ, ಎಚ್‌ಕೆಸಿಯಂಥ ಚೀನಾ ಕಂಪನಿಗಳವು. ಹಳೆಯ ಹೆಸರನ್ನೂ ಪೂರ್ತಿ ನೆಚ್ಚಬೇಡಿ: ತೋಷಿಬಾದ ಟಿವಿ ವ್ಯವಹಾರ 2018ರಿಂದ ಹೈಸೆನ್ಸ್ ಕೈಯಲ್ಲಿದೆ.

ಹಾಗಾದರೆ ಕೆಡುವುದು ಏನು? ಎಲ್‌ಸಿಡಿ ಟಿವಿಯಲ್ಲಿ (ಎಲ್‌ಇಡಿ ಟಿವಿ ಎನ್ನುವುದೂ ಇದನ್ನೇ) ಮೊದಲು ಬ್ಯಾಕ್‌ಲೈಟ್, ಅಂದರೆ ಪರದೆಯನ್ನು ಬೆಳಗಿಸುವ ಎಲ್‌ಇಡಿ ದೀಪಗಳ ಪಟ್ಟಿ. ಪಟ್ಟಿಯ ಎಲ್‌ಇಡಿಗಳು ಸರಣಿಯಲ್ಲಿ ಜೋಡಣೆಯಾಗಿರುತ್ತವೆ. ಒಂದು ಸುಟ್ಟರೆ ಆ ಸಾಲಿಗೇ ವಿದ್ಯುತ್ ಹರಿಯುವುದು ನಿಲ್ಲುತ್ತದೆ. ಎಷ್ಟೋ ಟಿವಿಗಳಲ್ಲಿ ದೋಷ ಗುರುತಿಸಿದ ಸರ್ಕ್ಯೂಟ್ ಇಡೀ ಬ್ಯಾಕ್‌ಲೈಟನ್ನೇ ಆರಿಸುತ್ತದೆ. ಎಲ್‌ಇಡಿಯ ಶತ್ರು ಶಾಖ. ಅಂಚಿನಲ್ಲಷ್ಟೇ ದೀಪವಿರುವ ತೆಳು ಟಿವಿಗಳಲ್ಲಿ ಶಾಖವೆಲ್ಲ ಒಂದೇ ಕಡೆ ಸೇರಿ, ಬೆಳಕು ಹರಡುವ ಹಾಳೆ ಕ್ರಮೇಣ ಸೊಟ್ಟಗಾಗಬಹುದು. ಬಾಳಿಕೆಯೇ ಮುಖ್ಯವೆಂದಾದರೆ ಸ್ವಲ್ಪ ದಪ್ಪವಿರುವ, ಹಿಂಬದಿ ಪೂರ್ತಿ ದೀಪಗಳಿರುವ ಟಿವಿಯೇ ನಮ್ಮ ಆಯ್ಕೆ. ತೆಳುವಿನ ಅಂದಕ್ಕೆ ಬಾಳಿಕೆಯನ್ನು ತೆತ್ತುಕೊಳ್ಳುವುದು ಬೇಡ.

ನಂತರದ ಸರದಿ ಪವರ್ ಬೋರ್ಡ್‌ನದು. ಕೆಪಾಸಿಟರ್ (ವಿದ್ಯುತ್ತನ್ನು ಹಿಡಿದಿಡುವ ಬಿಡಿಭಾಗ) ಉಬ್ಬುವುದು ಇಲ್ಲಿನ ಹಳೇ ರೋಗ. ಸುತ್ತಲಿನ ತಾಪ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಕೆಪಾಸಿಟರಿನ ಆಯಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ. ಗೋಡೆಗೆ ತಗುಲಿಸುವಾಗ ಹಿಂದೆ ಗಾಳಿಗೆ ಜಾಗ ಬಿಡಿ. ಮೇನ್ ಬೋರ್ಡ್‌ನಲ್ಲಿ ಸಂಗ್ರಹ ಮೆಮೊರಿ ತುಂಬಿ ತುಳುಕಿದರೆ ಟಿವಿ ತೆವಳುತ್ತದೆ, ಆ ಚಿಪ್ ಸವೆದರೆ ಲೋಗೋ ತೋರಿಸಿ ಅಲ್ಲೇ ನಿಲ್ಲುತ್ತದೆ. 8 ಜಿಬಿಗಿಂತ 16 ಜಿಬಿ ಸಂಗ್ರಹ, 2 ಜಿಬಿ ಅಥವಾ ಹೆಚ್ಚು ರ‍್ಯಾಮ್ ಇರುವುದನ್ನು ಆರಿಸಿ.

ಖರೀದಿಗೆ ಮೊದಲು ಕಂಪನಿಯ ಸಹಾಯವಾಣಿಗೆ ಕರೆ ಮಾಡಿ, ಮಾದರಿ ಸಂಖ್ಯೆ ಹೇಳಿ, ಕೇಳಿ: ಪ್ಯಾನೆಲ್‌ಗೆ ಎಷ್ಟು ವರ್ಷ ವಾರಂಟಿ? ಬ್ಯಾಕ್‌ಲೈಟ್ ಅದರಲ್ಲಿ ಸೇರಿದೆಯೇ? ನಮ್ಮ ಊರಿಗೆ ಕಂಪನಿಯ ಮೆಕ್ಯಾನಿಕ್ ಬರುತ್ತಾರೋ, ಗುತ್ತಿಗೆಯವರೋ? ಕೊಂಡ ಮೊದಲ ವಾರದಲ್ಲಿ ಬರೆದ ಗ್ರಾಹಕರ ಅಭಿಪ್ರಾಯಗಳಿಂದ ಬಾಳಿಕೆ ತಿಳಿಯದು. ವರ್ಷ ಕಳೆದ ಮೇಲೆ ಬರೆದವನ್ನು ಹುಡುಕಿ, ಒಂದೇ ದೂರು ಮರುಕಳಿಸಿದೆಯೇ ನೋಡಿ.

ಪ್ರಶ್ನೆ: ಅಂಗಡಿಯಲ್ಲಿ ಎಲ್ಲ ಟಿವಿಗಳೂ ಚೆನ್ನಾಗಿಯೇ ಕಾಣುತ್ತವೆ. ಗುಣಮಟ್ಟ ಅಳೆಯುವುದು ಹೇಗೆ?

ಉತ್ತರ: ಅಲ್ಲಿ ಟಿವಿ ‘ವಿವಿಡ್’ ಮೋಡ್‌ನಲ್ಲಿ, ಬಣ್ಣ ಬೆಳಕು ಎರಡೂ ಮಿತಿಮೀರಿ ಓಡುತ್ತಿರುತ್ತದೆ. ಹೋಲಿಸುವ ಟಿವಿಗಳನ್ನೆಲ್ಲ ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ ಮೋಡ್‌ಗೆ ಹಾಕಿಸಿ, ಒಂದೇ ವಿಡಿಯೊವನ್ನು ಪೆನ್‌ಡ್ರೈವ್‌ನಿಂದ ಓಡಿಸಿ. ಕತ್ತಲ ದೃಶ್ಯ ಬಂದಾಗ ಕಪ್ಪು ಕಪ್ಪಾಗಿದೆಯೋ ಬೂದಿಯಂತಿದೆಯೋ ಗಮನಿಸಿ. ಎಲ್‌ಸಿಡಿ ಪ್ಯಾನೆಲ್‌ಗಳಲ್ಲಿ ಐಪಿಎಸ್, ವಿಎ ಎಂಬ ಎರಡು ಮುಖ್ಯ ಬಗೆಗಳಿವೆ. ಐಪಿಎಸ್ ಪ್ಯಾನೆಲ್‌ನ ಕಾಂಟ್ರಾಸ್ಟ್ (ಬಿಳಿಗೂ ಕಪ್ಪಿಗೂ ಇರುವ ಹೊಳಪಿನ ಅನುಪಾತ) ಸುಮಾರು 1000:1, ವಿಎಯದು 3000:1 ಅಥವಾ ಅದಕ್ಕೂ ಮೇಲೆ. ಆದರೆ ವಿಎ ಟಿವಿಯನ್ನು ಪಕ್ಕದಿಂದ ನೋಡಿದರೆ ಬಣ್ಣ ಮಾಸುತ್ತದೆ. ಸೋಫಾ ಟಿವಿಗೆ ನೇರವಾಗಿದ್ದರೆ ವಿಎ, ಕೋಣೆಯ ಎಲ್ಲ ಮೂಲೆಯಿಂದ ನೋಡುವವರಿದ್ದರೆ ಐಪಿಎಸ್.

ಪೆಟ್ಟಿಗೆಯ ಮೇಲೆ ‘ಎಚ್‌ಡಿಆರ್’ (ಬೆಳಕು, ಕತ್ತಲೆಗಳ ಅಂತರ ಹೆಚ್ಚಿರುವ ಚಿತ್ರ) ಎಂದಿದ್ದ ಮಾತ್ರಕ್ಕೆ ಹಿಗ್ಗಬೇಡಿ. ಆ ಸಿಗ್ನಲ್ಲನ್ನು ಟಿವಿ ಓದಬಲ್ಲದು ಎಂದಷ್ಟೇ ಅದರರ್ಥ. 300 ನಿಟ್ಸ್ ಹೊಳಪಿನ ಟಿವಿಯಲ್ಲಿ ಎಚ್‌ಡಿಆರ್ ಇದ್ದೂ ಇಲ್ಲದಂತೆ. 600 ದಾಟಿ, ಲೋಕಲ್ ಡಿಮ್ಮಿಂಗ್ (ಚಿತ್ರದ ಕಪ್ಪು ಭಾಗದ ಹಿಂದಿನ ದೀಪಗಳನ್ನಷ್ಟೇ ಮಂದ ಮಾಡುವುದು) ಇದ್ದರೆ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ‘ಮೋಷನ್ ರೇಟ್ 120’ ಎಂದು ಬರೆದಿದ್ದರೆ ಪ್ಯಾನೆಲ್‌ನ ನಿಜವಾದ ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಬಾರಿ ಚಿತ್ರ ಬದಲಿಸುತ್ತದೆ) ಎಷ್ಟೆಂದು ಕೇಳಿ; ಹಲವು ಬಾರಿ ಅದು 60 ಹರ್ಟ್ಜ್ ಆಗಿರುತ್ತದೆ.

ಪ್ರಶ್ನೆ: ಒಎಲ್‌ಇಡಿಯಲ್ಲಿ ಚಾನೆಲ್ ಲೋಗೋದ ಅಚ್ಚು ಉಳಿದುಬಿಡುತ್ತದಂತೆ, ನಿಜವೇ?

ಉತ್ತರ: ನಿಜ. ಅಲ್ಲಿ ಪ್ರತಿ ಪಿಕ್ಸೆಲ್ಲೂ ತಾನೇ ಬೆಳಗುತ್ತದೆ, ಬೆಳಗಿದಷ್ಟೂ ಸವೆಯುತ್ತದೆ. ದಿನವಿಡೀ ಒಂದೇ ಸುದ್ದಿ ಚಾನೆಲ್ ಓಡುವ ಮನೆಗೆ ಒಎಲ್‌ಇಡಿ ಬೇಡ. ಸಿನಿಮಾ, ಧಾರಾವಾಹಿ, ಆಟ ಎಂದು ಬೆರೆಸಿ ನೋಡುವವರು ಅಷ್ಟು ಹೆದರಬೇಕಿಲ್ಲ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ರಿಮೋಟ್‌ನಲ್ಲಿ ಆರಿಸಿದ ಕೂಡಲೇ ಗೋಡೆಯ ಸ್ವಿಚ್ ಆಫ್ ಮಾಡಬೇಡಿ. ಒಟ್ಟು 4 ಗಂಟೆಯಷ್ಟು ನೋಡಿದ ಬಳಿಕ ಎಲ್‌ಜಿ ಒಎಲ್‌ಇಡಿ ಸ್ಟ್ಯಾಂಡ್‌ಬೈನಲ್ಲಿ ಪಿಕ್ಸೆಲ್‌ಗಳನ್ನು ಸರಿದೂಗಿಸಿಕೊಳ್ಳುತ್ತದೆ. ವಿದ್ಯುತ್ ಇಲ್ಲದಿದ್ದರೆ ಆ ಕೆಲಸ ನಡೆಯದು.

ಪ್ರಶ್ನೆ: ನಮ್ಮ ಹಳೆಯ ಎಲ್‌ಇಡಿ ಟಿವಿಯಲ್ಲಿ ಧ್ವನಿ ಬರುತ್ತಿದೆ, ಚಿತ್ರ ಇಲ್ಲ. ಹೊಸದೇ ಕೊಳ್ಳಬೇಕೇ?

ಉತ್ತರ: ಕೋಣೆ ಕತ್ತಲಾಗಿಸಿ ಪರದೆಗೆ ಓರೆಯಾಗಿ ಟಾರ್ಚ್ ಹಿಡಿಯಿರಿ. ಮಸುಕಾಗಿ ಚಿತ್ರ ಕಂಡರೆ ಪ್ಯಾನೆಲ್ ಚೆನ್ನಾಗಿದೆ, ಹೋಗಿರುವುದು ಬ್ಯಾಕ್‌ಲೈಟ್ ಅಥವಾ ಅದಕ್ಕೆ ವಿದ್ಯುತ್ ಕೊಡುವ ಭಾಗ. ರಿಪೇರಿ ಮಾಡಿಸಬಹುದು. ಪಟ್ಟಿಗಳೇ ಹೋಗಿದ್ದರೆ ಕೆಟ್ಟ ಒಂದನ್ನಷ್ಟೇ ಅಲ್ಲ, ಪೂರ್ತಿ ಸೆಟ್ ಬದಲಿಸಲು ಹೇಳಿ. ಉಳಿದವಕ್ಕೂ ಅಷ್ಟೇ ವಯಸ್ಸಾಗಿರುತ್ತದೆ. ಆಮೇಲೆ ಬ್ಯಾಕ್‌ಲೈಟನ್ನು 100ರಿಂದ 50–60ಕ್ಕೆ ಇಳಿಸಿ. ಸೋನಿಯಲ್ಲಿ ಈ ಸೆಟ್ಟಿಂಗ್‌ನ ಹೆಸರು ‘ಬ್ರೈಟ್‌ನೆಸ್’. ಬೇರೆ ಕೆಲವು ಟಿವಿಗಳಲ್ಲಿ ‘ಬ್ರೈಟ್‌ನೆಸ್’ ಇಳಿಸಿದರೆ ಕಪ್ಪಿನ ಮಟ್ಟ ಮಾತ್ರ ಬದಲಾಗುತ್ತದೆ, ದೀಪದ ಶಾಖ ಹಾಗೇ ಉಳಿಯುತ್ತದೆ.

ಪ್ರಶ್ನೆ: ಟಿವಿ ಮನೆಗೆ ಬಂದ ದಿನ ಏನೇನು ಪರೀಕ್ಷಿಸಬೇಕು?

ಉತ್ತರ: ಪೆಟ್ಟಿಗೆ ನೆಟ್ಟಗೆ ನಿಂತು ಬಂದಿದೆಯೇ, ಮೂಲೆ ಜಜ್ಜಿದೆಯೇ ನೋಡಿ. ತೆರೆಯುವಾಗಲೇ ವಿಡಿಯೊ ಮಾಡಿಕೊಳ್ಳಿ, ಏಕೆಂದರೆ ಒಡೆದ ಪರದೆ ವಾರಂಟಿಗೆ ಬರುವುದಿಲ್ಲ. ಇಬ್ಬರು ಚೌಕಟ್ಟಿನ ಅಂಚು ಹಿಡಿದು ಎತ್ತಿ, ಪರದೆಯ ಮೇಲೆ ಬೆರಳೊತ್ತಬೇಡಿ. ಆನ್ ಮಾಡಿ ಕೆಂಪು, ಹಸಿರು, ನೀಲಿ, ಬಿಳಿ, ಕಪ್ಪು, ಬೂದು ಬಣ್ಣದ ಚಿತ್ರಗಳನ್ನು ಒಂದೊಂದಾಗಿ ಪರದೆ ತುಂಬ ಹಾಕಿ. ಸತ್ತ ಪಿಕ್ಸೆಲ್ ಬಣ್ಣಗಳಲ್ಲಿ, ಕಲೆ ಮತ್ತು ಅಡ್ಡಪಟ್ಟಿ ಬೂದಿನಲ್ಲಿ, ಮೂಲೆಯ ಬೆಳಕು ಸೋರಿಕೆ ಕತ್ತಲ ಕೋಣೆಯ ಕಪ್ಪಿನಲ್ಲಿ ಕಾಣುತ್ತದೆ. ಎಚ್‌ಡಿಎಂಐ, ಯುಎಸ್‌ಬಿ ಕಿಂಡಿಗಳನ್ನೆಲ್ಲ ಒಂದೊಂದಾಗಿ ಬಳಸಿ ನೋಡಿ. ಹಿಂತಿರುಗಿಸುವ ಅವಧಿ ಮುಗಿಯುವವರೆಗೆ ಪೆಟ್ಟಿಗೆ, ಥರ್ಮಾಕೋಲ್ ಎರಡನ್ನೂ ಎಸೆಯಬೇಡಿ.