ತಿಂಗಳ ಮನೆಖರ್ಚು ಕಡಿಮೆ ಮಾಡುವುದು ಹೇಗೆ?

ಸಂಬಳ ಅಷ್ಟೇ ಇದೆ, ಖರ್ಚು ಮಾತ್ರ ಏರುತ್ತಿದೆ, ಎಲ್ಲಿ ಕೈ ಬಿಗಿ ಹಿಡಿಯಬೇಕು ಎಂದು ಕೇಳಿದ್ದೀರಿ. ಮೊದಲು ಒಂದು ತಿಂಗಳು ಪ್ರತಿ ಖರ್ಚನ್ನೂ ಬರೆದಿಡಿ. ಮನೆಯವರೆಲ್ಲರೂ ಬರೆಯಬೇಕು, ಒಬ್ಬರೇ ಲೆಕ್ಕ ಇಟ್ಟರೆ ಅದು ಉಳಿದವರ ಮೇಲಿನ ಕಾವಲಾಗಿಬಿಡುತ್ತದೆ.

ಆಮೇಲೆ ಸಾಲದ ಕಡೆ ನೋಡಿ. ಕ್ರೆಡಿಟ್ ಕಾರ್ಡಿಗೆ ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಿದ್ದರೆ ಬಾಕಿಗೆ ಬಡ್ಡಿ, ಆ ಬಡ್ಡಿಗೂ ಬಡ್ಡಿ ಬೆಳೆಯುತ್ತದೆ. ತಿಂಗಳಿಗೆ ಶೇ. 3 ಎಂದರೆ ಅಲ್ಪವೆನಿಸಬಹುದು, ಚಕ್ರಬಡ್ಡಿ ಸೇರಿ ವರ್ಷಕ್ಕೆ ಅದು ಶೇ. 42 ದಾಟುತ್ತದೆ! ದಿನಸಿಯಲ್ಲಿ ಚಿಲ್ಲರೆ ಉಳಿಸುವುದಕ್ಕಿಂತ ಇದನ್ನು ತೀರಿಸುವುದೇ ದೊಡ್ಡ ಉಳಿತಾಯ.

ಬಳಸದ ಚಂದಾಗಳನ್ನು ಇಂದೇ ರದ್ದು ಮಾಡಿ. 60 ವ್ಯಾಟ್‌ನ ಹಳೆಯ ಬಲ್ಬಿನಷ್ಟು ಬೆಳಕನ್ನು ಸುಮಾರು 9 ವ್ಯಾಟ್‌ನ ಎಲ್‌ಇಡಿ ಕೊಡುತ್ತದೆ. ಆರೋಗ್ಯ ವಿಮೆಗೆ ಮಾತ್ರ ದಯವಿಟ್ಟು ಕತ್ತರಿ ಹಾಕಬೇಡಿ.